ಪಾಪರ್ ಅರ್ಜಿ: ತಿಳಿದದ್ದೆಷ್ಟು, ತಪ್ಪು ತಿಳಿದದ್ದೆಷ್ಟು?

ಭಾನುವಾರದ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಾಲ್ಕು ಮಂದಿ ಮಾತಿಗೆ ನಿಂತಾಗ ಮಳೆ, ಅಡಿಕೆಯ ದರ, ಮಕ್ಕಳ ವಿದ್ಯಾಭ್ಯಾಸ, ಗಲ್ಫಿನ ಸುದ್ದಿ ಎಲ್ಲವೂ ಎತ್ತರದ ದನಿಯಲ್ಲಿಯೇ ಸಾಗುತ್ತವೆ. ‘ಇಂತಹವರು ಪಾಪರ್ ಆದರಂತೆ’ ಎಂಬ ಮಾತು ಬಂದಾಗ ಮಾತ್ರ ದನಿ ತಗ್ಗುತ್ತದೆ. ತೋಡಾರು, ಮೂಡುಬಿದಿರೆ, ಶಿರ್ತಾಡಿಗಳಿಂದ ಹಿಡಿದು ಬೆಳ್ತಂಗಡಿಯ ರಬ್ಬರ್ ತೋಟಗಳವರೆಗೆ, ಬಂಟ್ವಾಳದ ಹೊಳೆಬದಿಯವರೆಗೆ ಸಾಲದ ಭಾರದಲ್ಲಿ ಬಾಗಿದ ಕುಟುಂಬಗಳು ಇಲ್ಲದ ಧರ್ಮಕೇಂದ್ರವಿಲ್ಲ. ಅಡಿಕೆಗೆ ತಗಲಿದ ಎಲೆಚುಕ್ಕಿ ರೋಗ, 2020ರ ಕೊರೋನಾ ಕಾಲದಲ್ಲಿ ಕಳೆದುಹೋದ ವಿದೇಶದ ಕೆಲಸ, ಆಸ್ಪತ್ರೆಯ ಬಿಲ್ಲು, ಮಗಳ ಮದುವೆ, ಸ್ನೇಹಿತನಿಗೆ ಹಾಕಿದ ಜಾಮೀನು ಹೀಗೆ ಕಾರಣಗಳು ಹಲವು. ಆದರೆ ಸಾಲ ತೀರಿಸಲು ನಿಜವಾಗಿಯೂ ಶಕ್ತಿಯಿಲ್ಲದವನಿಗೆ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದವರು ವಿರಳ. ಈ ಅಜ್ಞಾನದ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ನ್ಯಾಯಾಲಯದ ರಕ್ಷಣೆ ಪಡೆಯಬೇಕಾದವನು ಅವಮಾನಕ್ಕೆ ಹೆದರಿ ಮನೆಯೊಳಗೆ ಬಾಗಿಲು ಹಾಕಿಕೊಳ್ಳುತ್ತಾನೆ. ಹೋದವನು ‘ಎಲ್ಲ ಸಾಲವೂ ಹೋಯಿತು’ ಎಂಬ ಭ್ರಮೆಯಲ್ಲಿ ಹೋಗಿ, ತನ್ನ ಜಾಮೀನುದಾರನ ಮನೆಗೆ ಬೆಂಕಿಯಿಟ್ಟು ಬರುತ್ತಾನೆ.

ಮೊದಲನೆಯ ಗೊಂದಲ ಆ ಪದದಲ್ಲಿಯೇ ಇದೆ. ‘ಪಾಪರ್’ ಎಂಬುದು ದಿವಾಳಿಗೆ ಸಂಬಂಧಿಸಿದ ಪದವೇ ಅಲ್ಲ. ದಾವೆ ಹೂಡಲು ಬೇಕಾದ ನ್ಯಾಯಾಲಯ ಶುಲ್ಕವನ್ನು ಕಟ್ಟಲಾರದ ಬಡವನಿಗೆ ಶುಲ್ಕವಿಲ್ಲದೆ ದಾವೆ ನಡೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶದಲ್ಲಿ ಅನುಮತಿಯಿದೆ. ಅಂಥವನನ್ನು ಹಿಂದೆ ‘ಪಾಪರ್’ ಎನ್ನುತ್ತಿದ್ದರು. 1976ರ ತಿದ್ದುಪಡಿಯಲ್ಲಿ ಆ ಪದವನ್ನು ತೆಗೆದು ‘ನಿರ್ಗತಿಕ ವ್ಯಕ್ತಿ’ ಎಂದು ಮಾಡಿದರು. ಸಾಲ ತೀರಿಸಲಾಗದೆ ನ್ಯಾಯಾಲಯಕ್ಕೆ ಶರಣಾಗುವುದು ಬೇರೆ ಪ್ರಕರಣ, ಅದಕ್ಕೆ ಬೇರೆಯೇ ಕಾಯಿದೆ. ಊರಿನ ಬಾಯಲ್ಲಿ ಇವೆರಡೂ ಬೆರೆತು ‘ಪಾಪರ್ ಚೀಟಿ’ ಎಂಬ ಒಂದು ಮಾಯಾಚೀಟಿ ಹುಟ್ಟಿಕೊಂಡಿದೆ. ಅಂತಹ ಚೀಟಿಯನ್ನು ಯಾವ ಕಚೇರಿಯೂ ಕೊಡುವುದಿಲ್ಲ.

ದಿವಾಳಿಗೆ ಸಂಬಂಧಿಸಿದ ಕಾಯಿದೆ 1920ರ ಪ್ರಾಂತೀಯ ದಿವಾಳಿ ಕಾಯಿದೆ. ಬ್ರಿಟಿಷರ ಕಾಲದಲ್ಲಿ ಕಲ್ಕತ್ತ, ಮದ್ರಾಸು, ಮುಂಬಯಿ ನಗರಗಳಿಗೆ 1909ರಲ್ಲಿ ಒಂದು ಕಾಯಿದೆ ಬಂದಿತು. ಆ ಮೂರು ನಗರಗಳ ಹೊರಗಿನ ಪ್ರದೇಶಗಳಿಗೆ 1920ರದು. ದಕ್ಷಿಣ ಕನ್ನಡವು ಮದ್ರಾಸು ಪ್ರಾಂತ್ಯದಲ್ಲಿದ್ದರೂ ಮದ್ರಾಸು ನಗರದ ಕಾಯಿದೆ ನಮಗೆ ಅನ್ವಯಿಸುತ್ತಿರಲಿಲ್ಲ. 2016ರಲ್ಲಿ ಸಂಸತ್ತು ಹೊಸ ದಿವಾಳಿ ಸಂಹಿತೆಯನ್ನು ಅಂಗೀಕರಿಸಿತು. ಪತ್ರಿಕೆಗಳಲ್ಲಿ ದಿನವೂ ಕಾಣುವ ಕಂಪೆನಿ ದಿವಾಳಿಯ ಸುದ್ದಿಗಳು ಅದಕ್ಕೆ ಸೇರಿದವು. ವ್ಯಕ್ತಿಗಳ ದಿವಾಳಿಗೂ ಅದರಲ್ಲಿ ಒಂದು ಭಾಗವಿದೆ, ಅತಿ ಬಡ ಋಣಿಗೆ ‘ಹೊಸ ಆರಂಭ’ ನೀಡುವ ಅಧ್ಯಾಯವೂ ಇದೆ. ಆದರೆ ಆ ಭಾಗವನ್ನು 2019ರ ದಶಂಬರ 1ರಿಂದ ಜಾರಿಗೆ ತಂದದ್ದು ಕಂಪೆನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ತೋಡಾರಿನ ಕೃಷಿಕನಿಗೋ ಮೂಡುಬಿದಿರೆಯ ಅಂಗಡಿಯವನಿಗೋ ಇಂದಿಗೂ ಉಳಿದಿರುವುದು ಶತಮಾನ ಕಳೆದ ಆ ಹಳೆಯ ಕಾಯಿದೆಯೇ. ಅದರ ವಯಸ್ಸು ಅಂಕೆಗಳಲ್ಲಿಯೇ ಕಾಣುತ್ತದೆ: ಅರ್ಜಿ ಸಲ್ಲಿಸಲು ಸಾಲ ಕನಿಷ್ಠ 500 ರೂಪಾಯಿ ಇರಬೇಕಂತೆ! ಸಾಲ ಅಷ್ಟಿಲ್ಲದಿದ್ದರೂ ಹಣದ ಡಿಕ್ರಿಗಾಗಿ ಬಂಧನದಲ್ಲಿರುವವನು ಅಥವಾ ಆಸ್ತಿ ಜಪ್ತಿಯಾಗಿರುವವನು ಅರ್ಜಿ ಹಾಕಬಹುದು. ಅರ್ಜಿ ಸಲ್ಲಬೇಕಾದುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರಕಾರ ಅಧಿಸೂಚನೆಯ ಮೂಲಕ ಅಧಿಕಾರ ಕೊಟ್ಟಿರುವ ಅಧೀನ ನ್ಯಾಯಾಲಯಕ್ಕೆ.

‘ದೊಡ್ಡವರು ಬ್ಯಾಂಕಿನ ಹಣ ತಿಂದು ದಿವಾಳಿ ಅರ್ಜಿ ಹಾಕಿ ಪಾರಾಗುತ್ತಾರೆ’ ಎಂಬುದು ಎಲ್ಲರ ಬಾಯಲ್ಲಿರುವ ಇನ್ನೊಂದು ಮಾತು. ಇದಕ್ಕೆ ಉದಾಹರಣೆಯಾಗಿ ಬರುವ ಹೆಸರು ವಿಜಯ ಮಲ್ಯರದು. ಆ ಮನೆತನದ ಮೂಲ ನಮ್ಮ ಬಂಟ್ವಾಳವೇ. ವಾಸ್ತವ ಇದಕ್ಕೆ ವಿರುದ್ಧವಾಗಿದೆ. ಲಂಡನ್ನಿನ ಹೈಕೋರ್ಟು 2021ರ ಜುಲೈ 26ರಂದು ಅವರನ್ನು ದಿವಾಳಿಯೆಂದು ಘೋಷಿಸಿದ್ದು ಸ್ಟೇಟ್ ಬ್ಯಾಂಕಿನ ನೇತೃತ್ವದ ಭಾರತೀಯ ಬ್ಯಾಂಕುಗಳ ಅರ್ಜಿಯ ಮೇಲೆ. ಮಲ್ಯರು ಅದನ್ನು ಬೇಡಲಿಲ್ಲ, ವಿರೋಧಿಸಿದರು. 2025ರಲ್ಲಿ ಅವರ ಮೇಲ್ಮನವಿಯೂ ಬಿದ್ದುಹೋಯಿತು. ಆಸ್ತಿಯುಳ್ಳವನು ದಿವಾಳಿ ಘೋಷಣೆಗೆ ಹೆದರುತ್ತಾನೆ, ಏಕೆಂದರೆ ಘೋಷಣೆಯಾದ ಕ್ಷಣದಿಂದ ಆಸ್ತಿ ಅವನ ಕೈತಪ್ಪುತ್ತದೆ. ನಮ್ಮ ಕಾಯಿದೆಯಲ್ಲಿಯೂ ಸಾಲ ಕೊಟ್ಟವರು ಅರ್ಜಿ ಸಲ್ಲಿಸಬಹುದು. ಋಣಿಯು ತಲೆಮರೆಸಿಕೊಂಡದ್ದು, ಆಸ್ತಿಯನ್ನು ವಂಚನೆಯಿಂದ ಪರಭಾರೆ ಮಾಡಿದ್ದು ಮುಂತಾದ ಕೃತ್ಯ ನಡೆದ ಮೂರು ತಿಂಗಳೊಳಗೆ ಅವರು ನ್ಯಾಯಾಲಯಕ್ಕೆ ಹೋಗಬೇಕು.

ಹಾಗಾದರೆ ಸ್ವಂತ ಅರ್ಜಿಯಿಂದ ಋಣಿಗೆ ಸಿಗುವುದೇನು? ಇದು ಒಂದು ಬಗೆಯ ಒಪ್ಪಂದ. ‘ನನ್ನಲ್ಲಿರುವುದೆಲ್ಲ ಇದು, ನಾನು ಕೊಡಬೇಕಾದವರೆಲ್ಲ ಇವರು’ ಎಂದು ಅವನು ಪ್ರಮಾಣಪೂರ್ವಕವಾಗಿ ಪಟ್ಟಿಯೊಪ್ಪಿಸುತ್ತಾನೆ. ನ್ಯಾಯಾಲಯ ಸಾಲ ಕೊಟ್ಟವರಿಗೆ ನೋಟೀಸು ಕಳುಹಿಸಿ, ವಿಚಾರಣೆ ನಡೆಸಿ, ಒಪ್ಪಿಗೆಯಾದರೆ ಅವನನ್ನು ದಿವಾಳಿಯೆಂದು ಘೋಷಿಸುತ್ತದೆ. ಆ ಆದೇಶ ಸರಕಾರಿ ಗೆಜೆಟಿನಲ್ಲಿ ಪ್ರಕಟವಾಗುತ್ತದೆ. ಆಸ್ತಿ ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶಕ್ಕೆ ಹೋಗಿ, ಮಾರಾಟವಾಗಿ, ಸಾಲ ಕೊಟ್ಟವರಿಗೆ ಪ್ರಮಾಣಾನುಸಾರ ಹಂಚಿಕೆಯಾಗುತ್ತದೆ. ಪ್ರತಿಯಾಗಿ, ಪ್ರತ್ಯೇಕವಾಗಿ ಮನೆಬಾಗಿಲಿಗೆ ಬಂದು ವಸೂಲಿಗೆ ತೊಡಗುವ ಹಕ್ಕನ್ನು ಅವರು ಕಳೆದುಕೊಳ್ಳುತ್ತಾರೆ. ನ್ಯಾಯಾಲಯದ ಅನುಮತಿಯಿಲ್ಲದೆ ದಾವೆ ಹೂಡುವಂತಿಲ್ಲ. ಕೊನೆಯಲ್ಲಿ ಋಣಮುಕ್ತಿಯ ಆದೇಶ ಸಿಕ್ಕಿದರೆ ಉಳಿದ ಸಾಲದಿಂದ ಅವನಿಗೆ ಬಿಡುಗಡೆ.

‘ಅರ್ಜಿ ಹಾಕಿದ ದಿನವೇ ಎಲ್ಲ ನಿಂತುಹೋಗುತ್ತದೆ’ ಎಂಬುದು ನಿಜವಲ್ಲ. ಈ ತಡೆ ಮೂಡುವುದು ಘೋಷಣೆಯ ನಂತರ. ಬಂಧನದಿಂದ ರಕ್ಷಣೆ ಬೇಕಾದರೆ ಅದಕ್ಕೆ ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಅರ್ಜಿಗೂ ಘೋಷಣೆಗೂ ನಡುವೆ ಎಷ್ಟು ಮಳೆಗಾಲಗಳು ಕಳೆಯಬಹುದೆಂಬುದನ್ನು ನಮ್ಮ ನ್ಯಾಯಾಲಯಗಳ ಮೆಟ್ಟಿಲು ಹತ್ತಿದವರಿಗೆ ಹೇಳಬೇಕಾಗಿಲ್ಲ.

ಒಂದು ಲೆಕ್ಕ

ಮಾತಿಗಿಂತ ಲೆಕ್ಕದಲ್ಲಿ ವಿಷಯ ಬೇಗ ತಿಳಿಯುತ್ತದೆ. ನಮ್ಮೂರಿನ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಅಡಿಕೆ ತೋಟವನ್ನು ಸೊಸೈಟಿಗೆ ಅಡವಿಟ್ಟು ತೆಗೆದ ಸಾಲ 6 ಲಕ್ಷ. ಚಿನ್ನ ಅಡವಿಟ್ಟದ್ದು 2 ಲಕ್ಷ. ಭಾವನ ಜಾಮೀನಿನ ಮೇಲೆ ಬ್ಯಾಂಕಿನಿಂದ ಪಡೆದ ವೈಯಕ್ತಿಕ ಸಾಲ 4 ಲಕ್ಷ. ನೆರೆಕರೆಯವರಿಂದ, ಬಂಧುಗಳಿಂದ ಕೈಸಾಲ 3 ಲಕ್ಷ. ಒಟ್ಟು 15 ಲಕ್ಷ. ಇವನು ದಿವಾಳಿಯೆಂದು ಘೋಷಿತನಾದರೆ 15 ಲಕ್ಷವೂ ಹಾರಿಹೋಗುವುದೆಂದು ಊರು ನಂಬುತ್ತದೆ.

ಕಾಯಿದೆಯ 28ನೆಯ ಕಲಮು ಅಡವು ಹಿಡಿದವನ ಹಕ್ಕನ್ನು ಮುಟ್ಟುವುದೇ ಇಲ್ಲ. ಸೊಸೈಟಿ ತನ್ನ ಅಡವಿನ ಬಲದಿಂದ ತೋಟವನ್ನು ಏಲಂ ಮಾಡಿಸಬಹುದು, ಚಿನ್ನ ಹಿಡಿದವರು ಚಿನ್ನವನ್ನು ಮಾರಬಹುದು. ಆದ್ದರಿಂದ 8 ಲಕ್ಷದ ಮಟ್ಟಿಗೆ ದಿವಾಳಿ ಅರ್ಜಿ ಏನನ್ನೂ ಬದಲಿಸುವುದಿಲ್ಲ. (ಮನೆಸಾಲದ ಬ್ಯಾಂಕುಗಳಿಗೆ 2002ರ ಸರ್ಫೇಸಿ ಕಾಯಿದೆಯಂತೆ, 60 ದಿನಗಳ ನೋಟೀಸಿನ ನಂತರ, ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಆಸ್ತಿಯ ಮೇಲೆ ಕೈಯಿಡುವ ಅಧಿಕಾರವಿದೆ, ಕೃಷಿಭೂಮಿಗೆ ಮಾತ್ರ ಆ ಕಾಯಿದೆ ಅನ್ವಯಿಸದು.) ತೋಟ 9 ಲಕ್ಷಕ್ಕೆ ಹೋಯಿತೆನ್ನಿ. ಸೊಸೈಟಿಯ 6 ಲಕ್ಷ ಕಳೆದು ಉಳಿಯುವುದು 3 ಲಕ್ಷ. ಚಿನ್ನದ ಬೆಲೆ ಚಿನ್ನದ ಸಾಲಕ್ಕೇ ಸರಿಹೋಯಿತು. ಈ 3 ಲಕ್ಷ ಬ್ಯಾಂಕಿನ ಮತ್ತು ಕೈಸಾಲದ 7 ಲಕ್ಷಕ್ಕೆ ಹಂಚಿಕೆಯಾಗಬೇಕು. ಖರ್ಚನ್ನು ಲೆಕ್ಕಿಸದಿದ್ದರೂ ರೂಪಾಯಿಗೆ 43 ಪೈಸೆಯೂ ಬೀಳದು.

ಇಲ್ಲಿಯೇ ಇನ್ನೊಂದು ಮುಳ್ಳಿದೆ. ಸಾಲ ಕೊಟ್ಟವರಿಗೆ ರೂಪಾಯಿಗೆ ಎಂಟಾಣೆಯಷ್ಟಾದರೂ ದಕ್ಕದಿದ್ದರೆ, ಅದು ತನ್ನ ತಪ್ಪಿನಿಂದ ಆದದ್ದಲ್ಲವೆಂದು ಋಣಿ ಮನಗಾಣಿಸದ ಹೊರತು ನ್ಯಾಯಾಲಯ ಬೇಷರತ್ತಾದ ಋಣಮುಕ್ತಿಯನ್ನು ಕೊಡಲಾಗದು. ತೋಟಕ್ಕೆ ರೋಗ ಬಿದ್ದದ್ದನ್ನು, ತಾನು ಆಸ್ಪತ್ರೆಯಲ್ಲಿ ಮಲಗಿದ್ದನ್ನು ದಾಖಲೆಯೊಡನೆ ತೋರಿಸಬಲ್ಲವನಿಗೆ ದಾರಿಯಿದೆ. ಆದರೆ ಅಂಧಸಾಹಸದ ವ್ಯಾಪಾರ, ಜೂಜು, ಸಮರ್ಥಿಸಲಾಗದ ದುಂದುವೆಚ್ಚದ ಜೀವನ, ತೀರಿಸುವ ಭರವಸೆಯೇ ಇಲ್ಲದೆ ಮಾಡಿದ ಸಾಲ ಇವೆಲ್ಲವನ್ನೂ 42ನೆಯ ಕಲಮು ಹೆಸರಿಸಿ ಹೇಳಿದೆ. ನಮ್ಮ ರೋಸ್ ಸಮಾರಂಭಗಳ ಪೆಂಡಾಲು, ಬ್ಯಾಂಡು, ಬಾಟಲಿಗಳ ವೆಚ್ಚವನ್ನು ಈ ಕಲಮಿನ ಪಕ್ಕದಲ್ಲಿಟ್ಟು ಓದಿದರೆ ಸಾಲ ಮಾಡಿ ಮದುವೆ ಮಾಡಿಸುವ ತಂದೆಯಂದಿರಿಗೆ ಒಳ್ಳೆಯದು.

ಋಣಮುಕ್ತಿ ಸಿಕ್ಕಿದ ಮೇಲೂ ಕೆಲವು ಹೊಣೆಗಳು ಬಿಡವು. ಸರಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ನ್ಯಾಯಾಲಯ ವಿಧಿಸಿದ ಜೀವನಾಂಶ ಇವು ಹಾಗೆಯೇ ಉಳಿಯುತ್ತವೆ. ಚೆಕ್ಕು ಅಮಾನ್ಯವಾದ ಪ್ರಕರಣವು 1881ರ ಕಾಯಿದೆಯ 138ನೆಯ ಕಲಮಿನಡಿ ಬರುವ ಕ್ರಿಮಿನಲ್ ಮೊಕದ್ದಮೆ. ದಿವಾಳಿ ಅರ್ಜಿ ಅದಕ್ಕೆ ಗುರಾಣಿಯಾಗದು. ತುಂಬದ ಚೆಕ್ಕಿಗೆ ಸಹಿ ಹಾಕಿ ಕೈಸಾಲಕ್ಕೆ ಕೊಡುವ ಅಭ್ಯಾಸ ನಮ್ಮಲ್ಲಿ ಎಷ್ಟು ವ್ಯಾಪಕವೆಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ.

ಸರಕಾರದ ಸಾಲಮನ್ನಾದೊಡನೆಯೂ ದಿವಾಳಿಯನ್ನು ಬೆರೆಸಬಾರದು. 2019ರ ಜುಲೈಯಲ್ಲಿ ಜಾರಿಗೆ ಬಂದ ಕರ್ನಾಟಕ ಋಣ ಪರಿಹಾರ ಅಧಿನಿಯಮವು ಸಣ್ಣ ರೈತರು, ಭೂರಹಿತ ಕೃಷಿಕಾರ್ಮಿಕರು ಮತ್ತು ದುರ್ಬಲ ವರ್ಗದವರು ಖಾಸಗಿಯವರಿಂದ ಪಡೆದ ಸಾಲಕ್ಕೆ ಒಂದು ಬಾರಿಯ ಪರಿಹಾರವಾಗಿತ್ತು. ಬ್ಯಾಂಕು, ಸಹಕಾರಿ ಸಂಘಗಳ ಸಾಲ ಅದರ ಹೊರಗಿತ್ತು, ಅರ್ಜಿಗೆ ಅವಧಿಯೂ ಇತ್ತು.

ಜಾಮೀನುದಾರನ ಗತಿ

ನಮ್ಮ ಲೆಕ್ಕದ ಗೃಹಸ್ಥನ ಭಾವನನ್ನು ಮರೆತೆವು. ಮರೆಯುವುದೇ ವಾಡಿಕೆ. ಬ್ಯಾಂಕಿಗೆ 4 ಲಕ್ಷದಲ್ಲಿ ಸುಮಾರು 1 ಲಕ್ಷ 71 ಸಾವಿರ ಹಂಚಿಕೆಯಲ್ಲಿ ಬಂದಿತು. ಉಳಿದ 2 ಲಕ್ಷ 29 ಸಾವಿರವನ್ನು ಬ್ಯಾಂಕು ಭಾವನಿಂದ ವಸೂಲು ಮಾಡುತ್ತದೆ. ಋಣಮುಕ್ತಿಯ ಆದೇಶವು ಪಾಲುದಾರನನ್ನಾಗಲಿ, ಜೊತೆಯಲ್ಲಿ ಸಾಲ ಮಾಡಿದವನನ್ನಾಗಲಿ, ಜಾಮೀನುದಾರನನ್ನಾಗಲಿ ಬಿಡುಗಡೆ ಮಾಡುವುದಿಲ್ಲವೆಂದು 44ನೆಯ ಕಲಮು ಸ್ಪಷ್ಟವಾಗಿ ನುಡಿಯುತ್ತದೆ. ಅಷ್ಟೇಕೆ, 1872ರ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ ಜಾಮೀನುದಾರನ ಹೊಣೆಯೂ ಸಾಲ ಪಡೆದವನ ಹೊಣೆಯೂ ಸಮಾನ. ‘ಮೊದಲು ಅವನನ್ನು ಹಿಡಿಯಿರಿ, ಅವನಲ್ಲಿ ಸಿಗದಿದ್ದರೆ ನನ್ನ ಬಳಿಗೆ ಬನ್ನಿ’ ಎಂದು ಹೇಳುವ ಹಕ್ಕು ಜಾಮೀನುದಾರನಿಗಿಲ್ಲ.

ಧರ್ಮಕೇಂದ್ರದಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುವುದು ಪ್ರೀತಿಯ ಕಾರ್ಯವೆಂದೇ ನಡೆದುಬಂದಿದೆ. ಗುರಿಕಾರರೆಂದು, ಕಂಪಾದ್ರಿಯೆಂದು, ಒಂದೇ ವಾಡೊದವರೆಂದು ಓದದೆಯೇ ಸಹಿ ಹಾಕುತ್ತೇವೆ. ಹಾಕಿದ ಸಹಿಯನ್ನು ಹಿಂದೆಗೆದುಕೊಳ್ಳುವುದು ಸುಲಭವಲ್ಲ. ಋಣಿಯು ದಿವಾಳಿ ಅರ್ಜಿ ಸಲ್ಲಿಸಿದ್ದಾನೆಂದು ತಿಳಿದೊಡನೆ ಜಾಮೀನುದಾರನು ಮಾಡಬೇಕಾದ ಕೆಲಸವೊಂದಿದೆ: ತನಗೆ ಬರಬಹುದಾದ ನಷ್ಟವನ್ನು ಆ ಪ್ರಕರಣದಲ್ಲಿಯೇ ತನ್ನ ಬಾಬೆಂದು ದಾಖಲಿಸುವುದು. ಮುಂದೆ ಬರಬಹುದಾದ ಅನಿಶ್ಚಿತ ಹೊಣೆಗಳನ್ನೂ ಕಾಯಿದೆ ಲೆಕ್ಕಕ್ಕೆ ಹಿಡಿಯುತ್ತದೆ. ಋಣಮುಕ್ತಿಯಾದ ನಂತರ ‘ನಿನಗಾಗಿ ನಾನು ಕಟ್ಟಿದೆ’ ಎಂದು ಬಂದರೆ ಆ ಬಾಗಿಲು ಮುಚ್ಚಿರುತ್ತದೆ. ಇದನ್ನು ತಿಳಿಯದೆ ಸೋತ ಭಾವಂದಿರೂ ಸ್ನೇಹಿತರೂ ಅನೇಕರು, ಹೀಗಾಗಿಯೇ ಎರಡು ಮನೆಗಳ ಮಧ್ಯೆ ಮಾತು ನಿಂತದ್ದೂ ಉಂಟು.

ಮನೆ, ಕರಿಮಣಿ, ಮಕ್ಕಳು

‘ಪಾಪರ್ ಆದರೆ ಅಡಿಗೆಯ ಪಾತ್ರೆಯನ್ನೂ ಎತ್ತಿಕೊಂಡು ಹೋಗುತ್ತಾರೆ’ ಎಂಬ ಭಯ ಹಳೆಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜಪ್ತಿ ಮಾಡಬಾರದ ವಸ್ತುಗಳನ್ನು ಪಟ್ಟಿಮಾಡಿದೆ, ದಿವಾಳಿ ಪ್ರಕರಣದಲ್ಲಿಯೂ ಅವು ರಿಸೀವರನಿಗೆ ಹೋಗುವುದಿಲ್ಲ. ಅಗತ್ಯದ ಬಟ್ಟೆಬರೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮದ ಆಚಾರದಂತೆ ಸ್ತ್ರೀಯು ಕಳಚಲಾಗದ ಆಭರಣ, ಕುಶಲಕರ್ಮಿಯ ಸಲಕರಣೆ, ಕೃಷಿಕನ ನೇಗಿಲು, ಎತ್ತು, ಬಿತ್ತನೆಯ ಬೀಜ, ಜೀವವಿಮೆಯ ಹಣ, ಭವಿಷ್ಯನಿಧಿ ಇವೆಲ್ಲ ಸುರಕ್ಷಿತ. ಕೂಲಿಯವನ ಮಜೂರಿಯನ್ನು ಮುಟ್ಟುವಂತಿಲ್ಲ. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೆಯ ಎರಡು ಪಾಲು ರಕ್ಷಿತ. ಕೃಷಿಕನೂ ಕೂಲಿಕಾರನೂ ತಾನು ವಾಸಿಸುವ ಸ್ವಂತ ಮನೆಯನ್ನು, ಅದಕ್ಕೆ ತಾಗಿದ ಅಗತ್ಯದ ಜಾಗವನ್ನು ಉಳಿಸಿಕೊಳ್ಳಬಹುದು. ಈ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆಂದು ಬರೆದುಕೊಟ್ಟ ಕಾಗದಕ್ಕೂ ಬೆಲೆಯಿಲ್ಲ. ಆದರೆ ಆ ಮನೆಯನ್ನೇ ಅಡವಿಟ್ಟಿದ್ದರೆ ಅಡವಿನ ಹಕ್ಕೇ ಮೇಲು. ಅಡವುಪತ್ರದಲ್ಲಿ ತೋಟದೊಡನೆ ಮನೆಯೂ ಸೇರಿದೆಯೇ ಎಂಬುದನ್ನು ಸಹಿ ಹಾಕುವ ದಿನವೇ ಓದಬೇಕು.

ನಮ್ಮ ಸಮುದಾಯಕ್ಕೆ ವಿಶೇಷವಾಗಿ ಅನ್ವಯಿಸುವ ಕೆಲವು ಸಂಗತಿಗಳಿವೆ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಅದರಂತೆ ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಹುಟ್ಟಿನಿಂದ ಬರುವ ಪಾಲಿಲ್ಲ. ಆದ್ದರಿಂದ ತಂದೆ ದಿವಾಳಿಯಾದಾಗ ‘ಇದರಲ್ಲಿ ಮಗನ ಅರ್ಧ ಪಾಲಿದೆ’ ಎಂಬ ವಾದ ನಿಲ್ಲದು. ಅವನ ಹೆಸರಿನಲ್ಲಿರುವುದೆಲ್ಲ ಅವನದೇ. ಅದೇ ಮಾತನ್ನು ತಿರುಗಿಸಿ ಹೇಳಿದರೆ, ತಂದೆಯ ಸಾಲಕ್ಕೆ ಮಗ ಸ್ವಂತ ಸಂಪಾದನೆಯಿಂದ ಹೊಣೆಯಲ್ಲ. ತಂದೆ ತೀರಿಕೊಂಡರೆ ಅವನು ಬಿಟ್ಟುಹೋದ ಆಸ್ತಿ ಎಷ್ಟು ಕೈಗೆ ಬಂದಿದೆಯೋ ಅಷ್ಟರ ಮಟ್ಟಿಗೆ ಮಾತ್ರ ಮಕ್ಕಳ ಹೊಣೆ. ಶವಸಂಸ್ಕಾರದ ಮರುದಿನವೇ ವಿದೇಶದಲ್ಲಿರುವ ಮಗನಿಂದ ಹೊಸ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬರುವವರ ವಿಷಯದಲ್ಲಿ ಎಚ್ಚರವಿರಲಿ.

ಹೆಂಡತಿಯ ಆಸ್ತಿ ಹೆಂಡತಿಯದೇ. ತವರಿನಿಂದ ಬಂದ ಚಿನ್ನ, ಅವಳ ಸಂಬಳ, ಅವಳ ಹೆಸರಿನ ಠೇವಣಿ ಗಂಡನ ಸಾಲಕ್ಕೆ ಸಲ್ಲವು, ಅವಳೂ ಸಾಲಪತ್ರಕ್ಕೆ ಸಹಿ ಹಾಕಿರದಿದ್ದರೆ. 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯ 6ನೆಯ ಕಲಮಿನಂತೆ, ಗಂಡನು ಹೆಂಡತಿ ಮಕ್ಕಳ ಹಿತಕ್ಕಾಗಿಯೇ ಎಂದು ನಮೂದಿಸಿ ತೆಗೆದ ವಿಮಾಪತ್ರವು ಅವರಿಗಾಗಿ ಇರಿಸಿದ ನ್ಯಾಸ. ವಿಮೆ ಮಾಡಿಸುವಾಗ ಒಂದು ನಮೂನೆಯನ್ನು ತುಂಬುವ ಶ್ರಮವಷ್ಟೇ ಇದಕ್ಕೆ ಬೇಕು, ತುಂಬುವವರು ಅಪರೂಪ.

ಪರಂಪರೆಯ ಆಸ್ತಿಯ ವಿಷಯದಲ್ಲಿ ಇನ್ನೊಂದು ಬಿಗಿಯಿದೆ. ಘೋಷಣೆಯಾದ ನಂತರ, ಋಣಮುಕ್ತಿಗೆ ಮುಂಚೆ ದಿವಾಳಿಯಾದವನಿಗೆ ಬರುವ ಆಸ್ತಿಯೂ ರಿಸೀವರನಿಗೇ ಸೇರುತ್ತದೆ. ಆ ಅವಧಿಯಲ್ಲಿ ವೃದ್ಧ ತಾಯಿ ತೀರಿಕೊಂಡು ಕುಟುಂಬದ ಪಾಲು ಬಂದರೆ, ಅದು ಸಾಲ ಕೊಟ್ಟವರ ಪಾಲು.

ಇದಕ್ಕೆ ಹೆದರಿ ಹಲವರು ಮಾಡುವ ಉಪಾಯವೆಂದರೆ ಆಸ್ತಿಯನ್ನು ಮೊದಲೇ ತಮ್ಮನ ಹೆಸರಿಗೋ ಹೆಂಡತಿಯ ಹೆಸರಿಗೋ ದಾನಪತ್ರ ಮಾಡಿಕೊಡುವುದು. ‘ಬರೆದುಕೊಟ್ಟ ಮೇಲೆ ಯಾರೂ ಏನೂ ಮಾಡಲಾರರು’ ಎಂಬ ಸಲಹೆ ಪೇಟೆಯ ಬದಿಯಲ್ಲಿ ಉಚಿತವಾಗಿ ದೊರೆಯುತ್ತದೆ. ದಿವಾಳಿ ಅರ್ಜಿಗೆ ಹಿಂದಿನ ಎರಡು ವರ್ಷಗಳಲ್ಲಿ ಯೋಗ್ಯ ಪ್ರತಿಫಲವಿಲ್ಲದೆ ಮಾಡಿದ ಪರಭಾರೆಯನ್ನು ನ್ಯಾಯಾಲಯ ರದ್ದುಪಡಿಸಬಹುದು. ಮೂರು ತಿಂಗಳೊಳಗೆ ಒಬ್ಬ ಸಾಲಿಗನಿಗೆ ಮಾತ್ರ ಮುಚ್ಚಿ ಕೊಟ್ಟು ಉಳಿದವರನ್ನು ಕೈಬಿಟ್ಟರೆ ಅದನ್ನೂ ರದ್ದುಪಡಿಸಬಹುದು. ಆಸ್ತಿಯನ್ನು ಬಚ್ಚಿಟ್ಟವನಿಗೆ, ಲೆಕ್ಕಪುಸ್ತಕ ಸುಟ್ಟವನಿಗೆ ಒಂದು ವರ್ಷದವರೆಗೆ ಜೈಲು. ಪ್ರಾಮಾಣಿಕನಿಗೆ ಸಿಗಬಹುದಾಗಿದ್ದ ಋಣಮುಕ್ತಿಯನ್ನು ಇಂತಹ ಒಂದು ದಾನಪತ್ರವೇ ಕೆಡಿಸುತ್ತದೆ.

ಸೆರೆಮನೆ ಮತ್ತು ಗಲ್ಫು

ಸಾಲ ಕೊಡಲಾಗದವನನ್ನು ಜೈಲಿಗೆ ಹಾಕುತ್ತಾರೆಯೇ? ಹಣದ ಡಿಕ್ರಿಯ ಅಮಲ್ಜಾರಿಯಲ್ಲಿ ಸಿವಿಲ್ ಬಂಧನಕ್ಕೆ ಅವಕಾಶವಿದೆ: 5,000 ರೂಪಾಯಿ ಮೀರಿದ ಡಿಕ್ರಿಗೆ ಗರಿಷ್ಠ ಮೂರು ತಿಂಗಳು, 2,000 ಮೀರದಿದ್ದರೆ ಬಂಧನವೇ ಇಲ್ಲ, ಸ್ತ್ರೀಯರನ್ನು ಎಂದಿಗೂ ಬಂಧಿಸುವಂತಿಲ್ಲ. ಬಂಧಿಯ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು! ಬಂಧನ ಅನುಭವಿಸಿದರೆ ಸಾಲ ತೀರಿತೆಂಬುದೂ ತಪ್ಪು; ಅದು ಹಾಗೆಯೇ ಉಳಿಯುತ್ತದೆ. ಆದರೆ 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮತ್ತು ಬ್ಯಾಂಕ್ ಆಫ್ ಕೊಚಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಮಹತ್ವದ ತೀರ್ಪು ಕೊಟ್ಟರು. ಕೇವಲ ಬಡತನದಿಂದ ಸಾಲ ಕೊಡಲಾಗದವನನ್ನು ಬಂಧಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧ; ಕೊಡಬಲ್ಲ ಶಕ್ತಿಯಿದ್ದೂ ದುರುದ್ದೇಶದಿಂದ ತಪ್ಪಿಸಿಕೊಂಡನೆಂದು ಕಂಡುಬರಬೇಕು. ಬಂಧಿತನಾಗಿ ಬಂದವನಿಗೆ ದಿವಾಳಿ ಅರ್ಜಿ ಸಲ್ಲಿಸುವ ಹಕ್ಕಿದೆಯೆಂದು ತಿಳಿಸುವುದು ನ್ಯಾಯಾಲಯದ ಕರ್ತವ್ಯ ಎಂಬುದೂ ಸಂಹಿತೆಯ 55ನೆಯ ಕಲಮಿನಲ್ಲಿದೆ. ಸಾಲಕ್ಕೆ ಪೊಲೀಸರನ್ನು ಕಳುಹಿಸುತ್ತೇವೆಂದು ಫೋನಿನಲ್ಲಿ ಗದರಿಸುವ ವಸೂಲಿಗಾರರು ಇದನ್ನು ಹೇಳುವುದಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶದಂತೆ ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ. ಕಿರುಸಾಲದವರ ಬಲವಂತದ ವಸೂಲಿಗೆ 2025ರಲ್ಲಿ ಕರ್ನಾಟಕ ಸರಕಾರ ತಂದ ಕಾನೂನಿನಲ್ಲಿ ಹತ್ತು ವರ್ಷಗಳವರೆಗೆ ಜೈಲುಶಿಕ್ಷೆಯಿದೆ.

ಗಲ್ಫಿನಲ್ಲಿ ಸಾಲ ಮಾಡಿ ಊರಿಗೆ ಬಂದವರಲ್ಲಿ ‘ಸಮುದ್ರ ದಾಟಿದರೆ ಸಾಲ ಮುಗಿಯಿತು’ ಎಂಬ ನಂಬಿಕೆಯಿತ್ತು. ಭಾರತ ಸರಕಾರವು 2020ರ ಜನವರಿ 17ರ ಅಧಿಸೂಚನೆಯಿಂದ ಸಂಯುಕ್ತ ಅರಬ್ ಸಂಸ್ಥಾನಗಳನ್ನು ಪರಸ್ಪರ ಮಾನ್ಯತೆಯ ಪ್ರದೇಶವೆಂದು ಘೋಷಿಸಿದೆ. ದುಬಾಯಿಯ ನ್ಯಾಯಾಲಯದ ಹಣದ ಡಿಕ್ರಿಯನ್ನು ಈಗ ಮಂಗಳೂರಿನ ಜಿಲ್ಲಾ ನ್ಯಾಯಾಲಯದಲ್ಲಿಯೇ, ಇಲ್ಲಿನ ಡಿಕ್ರಿಯಂತೆ, ಜಾರಿಗೊಳಿಸಲು ಕೋರಬಹುದು. ಇಲ್ಲಿ ದಿವಾಳಿ ಅರ್ಜಿ ಹಾಕುವವನು ಅಲ್ಲಿನ ಸಾಲವನ್ನೂ ಪಟ್ಟಿಯಲ್ಲಿ ಸೇರಿಸಬೇಕು. ಪ್ರಕರಣ ನಡೆಯುತ್ತಿರುವಾಗ ನ್ಯಾಯಾಲಯಕ್ಕೆ ತಿಳಿಸದೆ ಮತ್ತೆ ವಿಮಾನ ಹತ್ತಿದರೆ ತಪ್ಪಿಸಿಕೊಂಡನೆಂದು ಬಂಧನದ ಆದೇಶವಾಗಬಹುದು.

ಇನ್ನು ಮನಸ್ಸಾಕ್ಷಿಯ ಪ್ರಶ್ನೆ. ಸಾಲ ತೀರಿಸದೆ ಬಿಡುಗಡೆ ಕೇಳುವುದು ಪಾಪವಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 15ನೆಯ ಅಧ್ಯಾಯದಲ್ಲಿ ಏಳು ವರ್ಷಕ್ಕೊಮ್ಮೆ ಸಾಲ ಬಿಡುವ ವಿಧಿಯಿದೆ. ಯಾಜಕಕಾಂಡದ 25ನೆಯ ಅಧ್ಯಾಯದ ಜೂಬಿಲಿ ವರ್ಷದಲ್ಲಿ ಕಳೆದುಕೊಂಡ ಭೂಮಿ ಮೂಲ ಕುಟುಂಬಕ್ಕೆ ಮರಳುತ್ತಿತ್ತು. 2025ರ ಜೂಬಿಲಿಯ ಘೋಷಣಾಪತ್ರದಲ್ಲಿ ಪೋಪ್ ಫ್ರಾನ್ಸಿಸರು ಬಡರಾಷ್ಟ್ರಗಳ ಸಾಲವನ್ನು ಮನ್ನಿಸುವಂತೆ ಶ್ರೀಮಂತ ರಾಷ್ಟ್ರಗಳಿಗೆ ಕರೆಕೊಟ್ಟದ್ದು ಈ ಪರಂಪರೆಯಿಂದಲೇ. ಕೊಡಬಲ್ಲವನು ಕೊಡದಿರುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಕೊಡಲಾಗದವನು ಇದ್ದುದನ್ನು ಇದ್ದಂತೆ ತೆರೆದಿಡುವುದಕ್ಕೆ ಅನ್ಯಾಯವೆಂಬ ಹೆಸರು ಸಲ್ಲದು. ಕ್ಲಿಷ್ಟಕಾಲ ಕಳೆದು ಕೈತುಂಬಿದಾಗ ಹಳೆಯ ಕೈಸಾಲವನ್ನು ಕಾನೂನಿನ ಒತ್ತಾಯವಿಲ್ಲದೆಯೇ ತೀರಿಸಲು ಅವನಿಗೆ ಯಾರ ಅಡ್ಡಿಯೂ ಇಲ್ಲ.

‘ಪಾಪರ್ ಮನೆಯ ಹುಡುಗಿಗೆ ಮದುವೆಯಾಗದು, ಹುಡುಗನನ್ನು ಸೆಮಿನರಿಗೆ ತೆಗೆದುಕೊಳ್ಳರು’ ಎಂಬ ಮಾತುಗಳೂ ಇವೆ. ಧರ್ಮಸಭೆಯ ಕಾನೂನಿನಲ್ಲಿ ವಿವಾಹಕ್ಕೆ ಅಡ್ಡಿಯೆಂದು ಹೇಳಿದ ಕಾರಣಗಳಲ್ಲಿ ಸಾಲವಿಲ್ಲ. ಧಾರ್ಮಿಕ ಸಭೆಗಳ ನವಶಿಷ್ಯರ ವಿಷಯದಲ್ಲಿ ಮಾತ್ರ 1983ರ ಸಂಹಿತೆಯ 644ನೆಯ ಕಾನೂನು ಒಂದು ಮಾತು ಹೇಳುತ್ತದೆ: ತೀರಿಸಲಾಗದ ಸಾಲವುಳ್ಳವರನ್ನು ಸೇರಿಸಿಕೊಳ್ಳಬಾರದು. ಅದು ಸೇರುವವನ ಸ್ವಂತ ಸಾಲ; ತಂದೆಯದಲ್ಲ. ಲೌಕಿಕ ಕಾನೂನಿನ ಅನರ್ಹತೆಗಳೂ ಶಾಶ್ವತವಲ್ಲ. ಋಣಮುಕ್ತನಾಗುವವರೆಗೆ ಅವನು ಸಂಸತ್ತಿಗೆ, ವಿಧಾನಸಭೆಗೆ, ಸ್ಥಳೀಯ ಸಂಸ್ಥೆಗಳಿಗೆ ಆಯ್ಕೆಯಾಗುವಂತಿಲ್ಲ. ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿಗಿಂತ ಕಡಿಮೆಯಿಲ್ಲದ ಹೊಸ ಸಾಲ ಮಾಡಿದರೆ ಆರು ತಿಂಗಳವರೆಗೆ ಸಜೆ. ಇಂದಿನ ದಿನದಲ್ಲಿ ಅಂಗಡಿಯ ಉದ್ರಿಯೇ ಇದರೊಳಗೆ ಬಂದೀತು.

ಹಾಗಾದರೆ ಅರ್ಜಿ ಸಲ್ಲಿಸಬೇಕೇ? ಸಾಲದ ಹೆಚ್ಚಿನ ಪಾಲು ಅಡವಿನದಾದರೆ ಬೇಡವೆನ್ನುವುದೇ ಪ್ರಾಮಾಣಿಕ ಉತ್ತರ. ಬ್ಯಾಂಕಿನೊಡನೆ ಒಂದೇ ಕಂತಿನ ತೀರ್ಮಾನ, ಲೋಕ ಅದಾಲತಿನ ರಾಜಿ, ಇಲ್ಲವೇ ತೋಟದ ಒಂದು ಭಾಗವನ್ನು ಏಲಂಗೆ ಮೊದಲೇ ಒಳ್ಳೆಯ ಬೆಲೆಗೆ ಮಾರುವುದು ಮೇಲು. ಅಡವಿಲ್ಲದ ಸಾಲವೇ ಹೆಚ್ಚಿದ್ದು, ಯಾರದೋ ವ್ಯಾಪಾರಕ್ಕೆ ಹಾಕಿದ ಜಾಮೀನು ತಲೆಗೆ ಬಿದ್ದು, ಆಸ್ತಿಯೆಂಬುದು ಹೆಚ್ಚೇನೂ ಇಲ್ಲದವನಿಗೆ ಈ ಹಳೆಯ ಕಾಯಿದೆ ಇಂದಿಗೂ ನೆರಳು ಕೊಡಬಲ್ಲದು. ಪ್ರಕರಣದ ಒಳಗೂ ರಾಜಿಗೆ ಎಡೆಯಿದೆ: ಸಾಲ ಕೊಟ್ಟವರಲ್ಲಿ ಬಹುಸಂಖ್ಯೆಯವರು, ಮೊತ್ತದಲ್ಲಿ ಮುಕ್ಕಾಲು ಪಾಲಿನವರು ಒಪ್ಪಿದರೆ ನ್ಯಾಯಾಲಯ ಅದನ್ನು ಅಂಗೀಕರಿಸಬಹುದು.

ಇಂತಹ ಪ್ರಕರಣಗಳು ಕೆಡುವುದು ಹೆಚ್ಚಾಗಿ ಕೊನೆಯ ಹೆಜ್ಜೆಯಲ್ಲಿ. ಘೋಷಣೆಯ ಆದೇಶದಲ್ಲಿಯೇ, ಇಂತಿಷ್ಟು ಕಾಲದೊಳಗೆ ಋಣಮುಕ್ತಿಗೆ ಅರ್ಜಿ ಸಲ್ಲಿಸಬೇಕೆಂದು ಬರೆದಿರುತ್ತದೆ. ‘ದಿವಾಳಿ ಎಂದು ತೀರ್ಪಾಯಿತಲ್ಲ’ ಎಂದು ಸುಮ್ಮನಿದ್ದರೆ ಘೋಷಣೆಯೇ ರದ್ದಾಗಿ ಸಾಲಗಳೆಲ್ಲ ಮರಳಿ ಜೀವ ತಳೆಯುತ್ತವೆ. ಮತ್ತೊಮ್ಮೆ ಅರ್ಜಿ ಹಾಕಲು ನ್ಯಾಯಾಲಯದ ಅನುಮತಿ ಬೇಕು. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡಬೇಕು.

ವಕೀಲರ ಶುಲ್ಕ ಭರಿಸಲಾರದವರು ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ತಾಲೂಕು ಸಮಿತಿಯನ್ನು ಕಾಣಬಹುದು. 1987ರ ಕಾಯಿದೆಯಂತೆ ಸ್ತ್ರೀಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಹೋಗುವಾಗ ಆರ್.ಟಿ.ಸಿ., ಅಡವುಪತ್ರಗಳು, ಬ್ಯಾಂಕಿನ ನೋಟೀಸುಗಳು, ವಿಮಾಪತ್ರ, ಆಸ್ಪತ್ರೆಯ ಬಿಲ್ಲುಗಳು, ಹಾಗೂ ಸಾಲ ಕೊಟ್ಟ ಪ್ರತಿಯೊಬ್ಬರ ಹೆಸರು, ವಿಳಾಸ, ಮೊತ್ತ, ದಿನಾಂಕಗಳ ಪಟ್ಟಿಯನ್ನು ಒಯ್ಯಬೇಕು. ನಾದಿನಿಯಿಂದ ಪಡೆದ 20 ಸಾವಿರವನ್ನೂ, ವಾಡೊದ ಸ್ವಸಹಾಯ ಗುಂಪಿನ ಕಂತನ್ನೂ ಬಿಡದೆ ಬರೆಯಬೇಕು. ಜಾಮೀನುದಾರರ ಹೆಸರಿಗೆ ಪ್ರತ್ಯೇಕ ಹಾಳೆಯಿರಲಿ. ಅರ್ಜಿ ಸಲ್ಲುವ ಮೊದಲು ಅವರ ಮನೆಗಳಿಗೆ ಹೋಗಿ ವಿಷಯ ತಿಳಿಸಬೇಕು, ನೋಟೀಸಿನಿಂದ ಅವರಿಗೆ ತಿಳಿಯುವಂತಾಗಬಾರದು.